ಅಂಟು ಒಣಗೋ ತನಕ

"ಹೊಟ್ಟೆನೋವು ಅನ್ನೋದು ಶಾಲೆ ಮಕ್ಕಳ ನೆಪ ಕಣಯ್ಯಾ. ನೀನು ಶಾಲೆಗೂ ನೆಟ್ಟಗೆ ಹೋಗಲಿಲ್ಲ, ನೆಪ ಮಾತ್ರ ಚೆನ್ನಾಗಿ ಕಲಿತೆ," ಅಂದ ಮೇಸ್ತ್ರಿ. ಬಡಗಿ ಅಂಗಡಿ ತುಂಬಾ ನಗು. ಹೊಟ್ಟೆ ಹಿಡಿದುಕೊಂಡು ಕೂತಿದ್ದ ನಮ್ಮಣ್ಣನೂ ನಕ್ಕ. ನಗುತ್ತಲೇ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಗ್ಯಾಸ್ ಮಾತ್ರೆ ಪಟ್ಟಿಯಿಂದ ಒಂದು ಕಿತ್ತು ಬಾಯಿಗೆ ಹಾಕಿಕೊಂಡ. ಆ ಅಂಗಡೀಲಿ ಮೊಳೆ, ಅಂಟು, ಮಾತ್ರೆ ಎಲ್ಲ ಎಲ್ಲರದ್ದು.

ಅವನನ್ನ ನೋಡೋಕೆ ಅಂತ ಬಂದು ಬಾಗಿಲಲ್ಲಿ ನಿಂತಿದ್ದ ನನಗೆ ನಗು ಬರಲಿಲ್ಲ. ಬೆಳಿಗ್ಗೆ ಅತ್ತಿಗೆ ಪಕ್ಕಕ್ಕೆ ಕರೆದು ಹೇಳಿದ್ದರು: "ನಿಮ್ಮಣ್ಣನಿಗೆ ಕಕ್ಕಸು ಡಾಂಬರಿನ ಹಾಗೆ ಕಪ್ಪಗೆ ಹೋಗ್ತಿದೆಯಂತೆ. ಯಾರಿಗೂ ಹೇಳಬೇಡ ಅಂದಿದ್ದಾರೆ."

ಯಾರಿಗೂ ಹೇಳಬಾರದಂತೆ. ಅವನ ರಟ್ಟೆ ಹಿಡಿದು ನೇರ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಗಂಟಲಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡಿದರು. ಜಠರದಲ್ಲಿ ಹುಣ್ಣು, ಹುಣ್ಣಿಂದ ರಕ್ತ. ಜಠರದ ಒಳಪೊರೆಯ ಚೂರು ತೆಗೆದು ಪರೀಕ್ಷೆ ಮಾಡಿದಾಗ ಎಚ್. ಪೈಲೋರಿ ಅನ್ನೋ ಕ್ರಿಮಿಯೂ ಸಿಕ್ಕಿತು.

"ನಾನು ಖಾರ ಜಾಸ್ತಿ ತಿಂತೀನಿ ಡಾಕ್ಟ್ರಮ್ಮಾ, ಅದಕ್ಕೇ ಇರಬೇಕು," ಅಂದ ಅಣ್ಣ.

"ಖಾರಕ್ಕೆ ಉರಿ ಹೆಚ್ಚಾಗಬಹುದು. ಹುಣ್ಣಿಗೆ ಕಾರಣ ಈ ಕ್ರಿಮಿ. ಬೆನ್ನುನೋವಿಗೆ ಅಂತ ಔಷಧಿ ಅಂಗಡಿಯಿಂದ ತಂದು ನುಂಗ್ತೀರಲ್ಲ, ಆ ಮಾತ್ರೆನೂ ಕೈಜೋಡಿಸಿದೆ, ಅದನ್ನ ಇವತ್ತೇ ಬಿಡಿ. ಗ್ಯಾಸ್ ಮಾತ್ರೆಗೆ ಉರಿ ಅಡಗುತ್ತೆ, ಕ್ರಿಮಿ ಸಾಯಲ್ಲ. ಈ ಔಷಧಿ ಎರಡು ವಾರ, ಒಂದು ಹೊತ್ತೂ ತಪ್ಪಬಾರದು. ಆಮೇಲೆ ಕ್ರಿಮಿ ಹೋಗಿದೆಯಾ ಅಂತ ಇನ್ನೊಂದು ಪರೀಕ್ಷೆ. ಅದಕ್ಕೆ ಮುಂಚೆ ಯಾವ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ನನ್ನನ್ನೇ ಕೇಳಿ."

ಔಷಧಿ ಶುರುವಾಗಿ ಒಂದೇ ವಾರಕ್ಕೆ, ಅಣ್ಣ ಕೆಲಸಕ್ಕೆ ವಾಪಸ್ ಹೋಗುವ ಹೊತ್ತಿಗೆ ನೋವು ಮಾಯ. ನಾನು ಹೋಗಿ ನೋಡಿದರೆ, ಆಸ್ಪತ್ರೆ ಮಾತ್ರೆಗಳನ್ನೂ ಅದೇ ಮೊಳೆಗೆ ಸಿಕ್ಕಿಸುತ್ತಿದ್ದಾನೆ.

"ನನಗೆ ಗುಣ ಆಯ್ತಲ್ಲೋ. ಇಲ್ಲಿ ಮರಕ್ಕೆ ಮೆರುಗು ಹಚ್ಚೋ ನಮ್ಮ ಪಾಲಿಶ್ ಮಾವನಿಗೂ ಹೊಟ್ಟೆ ಉರಿಯಂತೆ. ಪಾಪ, ಉಳಿದದ್ದು ಅವರಿಗಾಗಲಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಂಟು ಹಚ್ಚಿ ಬಿಗಿದಿರೋ ಬಾಗಿಲಿನ ಕ್ಲ್ಯಾಂಪನ್ನ, ಅಂಟು ಹಿಡಿದ ಹಾಗೆ ಕಾಣುತ್ತೆ ಅಂತ ಒಣಗೋ ಮೊದಲೇ ಬಿಚ್ತೀಯಾ ಅಣ್ಣಾ?"

"ಬಿಚ್ಚಿದ್ರೆ ಕೀಲು ಬಾಯಿಬಿಡುತ್ತೆ."

"ಹೊಟ್ಟೆನೂ ಅಷ್ಟೇ. ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿ ಔಷಧಿಗೇ ಬಗ್ಗದೆ ಹೋಗಬಹುದು. ಮಾವನ ಹೊಟ್ಟೇಲಿ ಏನಿದೆಯೋ ನಿನಗೇನು ಗೊತ್ತು? ಅವರೂ ಪರೀಕ್ಷೆ ಮಾಡಿಸಲಿ."

ಅಣ್ಣ ಮೊಳೆಯಿಂದ ಮಾತ್ರೆ ಪಟ್ಟಿ ತೆಗೆದು ಜೇಬಿಗೆ ಹಾಕಿಕೊಂಡ. ಕೊನೇ ಮಾತ್ರೆವರೆಗೂ ಅತ್ತಿಗೆಯ ಕಣ್ಣೆದುರೇ ನುಂಗಿದ.

ಓದ್ತಿರೋರೇ, ನಿಮಗೇ ಹೇಳ್ತಿದ್ದೀನಿ. ಹೊಟ್ಟೆನೋವು, ಉರಿ ಮತ್ತೆ ಮತ್ತೆ ಬಂದರೆ ಅಂಗಡಿ ಮಾತ್ರೆ ನುಂಗಿ ಕಾಲ ತಳ್ಳಬೇಡಿ, ಪರೀಕ್ಷೆ ಮಾಡಿಸಿ. ಮಲ ಕಪ್ಪಾದರೆ, ವಾಂತೀಲಿ ರಕ್ತ ಬಂದರೆ ನಿಂತ ಕಾಲಲ್ಲೇ ಆಸ್ಪತ್ರೆಗೆ ಹೋಗಿ. ನಾಚಿಕೆಗೆ ಪ್ರಾಣ ಕೊಡಬೇಡಿ. ಕೊಟ್ಟ ಔಷಧಿ ಪೂರ್ತಿ ಮುಗಿಸಿ, ಹಂಚಬೇಡಿ. ಶುದ್ಧ ನೀರು ಕುಡಿಯಿರಿ, ಸೋಪು ಹಚ್ಚಿ ಕೈ ತೊಳೆಯಿರಿ. ನಗೋರು ನಗಲಿ.

ಮರುಪರೀಕ್ಷೆ ದಿನವೂ ಮೇಸ್ತ್ರಿ ಬಿಡಲಿಲ್ಲ. ಎಲ್ಲರಿಗೂ ಕೇಳಿಸೋ ಹಾಗೆ, "ಏನಯ್ಯಾ, ಮತ್ತೆ ನೆಪ ಹೊರಟಿತಾ?" ಅಂದ. ನಾನು ಬಾಯಿ ತೆರೆದೆ. ಅಣ್ಣ ನನ್ನ ಭುಜ ಒತ್ತಿದ. ಅಂಗಿ ಮೇಲಿನ ಮರದ ಪುಡಿ ಕೊಡವಿಕೊಂಡು, ಪಾಲಿಶ್ ಮಾವನನ್ನೂ ಕೈಹಿಡಿದು ಎಬ್ಬಿಸಿ, ಆಸ್ಪತ್ರೆ ಕಡೆ ನಡೆದುಬಿಟ್ಟ.