ಮಗಳೇ ಎಂದದ್ದಕ್ಕೆ ವಿಚಾರಣೆ

ಕಾರ್ಖಾನೆಗೆ ಹೊಸ ಸುತ್ತೋಲೆ ಬಂದು ಹದಿನೈದು ದಿನವಾಗಿತ್ತು. ಅಣ್ಣ, ತಮ್ಮ, ಅಮ್ಮಾ, ಮಗಳೇ ಎಲ್ಲ ಬಂದ್; ಗಂಡಾಗಲಿ ಹೆಣ್ಣಾಗಲಿ ಎಲ್ಲರೂ ಬರೀ 'ಆಪರೇಟರ್'. ಮೇಸ್ತ್ರಿಯ ಮೂವತ್ತು ವರ್ಷದ ನಾಲಿಗೆ ಹದಿನೈದು ದಿನಕ್ಕೆ ಬಗ್ಗೀತೇ? ಮೊನ್ನೆ ಸಾಹೇಬರ ಎದುರಿಗೇ ಕ್ರೇನಿನತ್ತ ಮುಖ ಎತ್ತಿ "ಸ್ವಲ್ಪ ಇಳಿಸು ಮಗಳೇ" ಎಂದು ಕೂಗಿಬಿಟ್ಟಿದ್ದ. ಅದು ಮೂರನೆಯ ಸಲ. ಮೂರಾದರೆ ವಿಚಾರಣೆ, ವಿಚಾರಣೆಯಲ್ಲಿ ತಪ್ಪೆಂದಾದರೆ ಮೇಸ್ತ್ರಿಗಿರಿಗೆ ಸಂಚಕಾರ.

ಈಗ ಅವನು ಆಡಳಿತ ಕಚೇರಿಯಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಕ್ರೇನ್ ನಡೆಸುವವಳು; ಆರು ವರ್ಷದಿಂದ ಅವನ ಕೈಸನ್ನೆಗೆ ಟನ್ನುಗಟ್ಟಲೆ ಕಬ್ಬಿಣ ಎತ್ತಿ ಇಳಿಸಿದವಳು. ಎಲ್ಲವೂ ಅವಳ ಒಂದು ಮಾತಿನ ಮೇಲೆ ನಿಂತಿತ್ತು. ಅವಳು ಕೈಬಿಡುವವಳಲ್ಲ ಎಂದು ಅವನಿಗೆ ಗೊತ್ತು.

"ಮಗಳೇ ಅಂದದ್ದರಿಂದ ನಿಮಗೆ ಅವಮಾನ ಆಯ್ತಾ?" ಮೇಜಿನಾಚೆ ಕೂತ ವಿಚಾರಣೆಯ ಅಧಿಕಾರಿ ಕೇಳಿದರು.

"ಇಲ್ಲ ಮೇಡಂ."

ಮೇಸ್ತ್ರಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ನೋಡಿ ಮತ್ತೆ! ಪ್ರೀತಿಯಿಂದ ಕರೆಯೋದಕ್ಕೂ ಕಾಯಿದೆ ಮಾಡ್ತೀರಲ್ಲ, ನಿಮ್ಮ ಕಾಯಿದೆಗಿಷ್ಟು..."

"ನನ್ನ ಮಾತು ಮುಗಿದಿಲ್ಲ ಮೇಸ್ತ್ರಿ," ಎಂದಳು ಅವಳು. ದನಿ ಏರಲಿಲ್ಲ. "ದೊಡ್ಡ ಕ್ರೇನಿನ ತರಬೇತಿಗೆ ನಾಲ್ಕು ಸಲ ಹೆಸರು ಕಳಿಸಿದ್ರಿ. ನಾಲ್ಕೂ ಸಲ ನಾನು ಕೆಲಸ ಕಲಿಸಿದ ಗಂಡಸರೇ ಹೋದ್ರು. ಕೇಳಿದಾಗೆಲ್ಲ ಏನಂದ್ರಿ? 'ನೀನು ಮಗಳಿದ್ದ ಹಾಗೆ, ಅಷ್ಟು ಎತ್ತರಕ್ಕೆ ಹತ್ತಿಸೋಕೆ ಮನಸ್ಸು ಬರಲ್ಲ.' ಹೇಗಾದ್ರೂ ಕರೀರಿ. ನನಗೆ ಆ ಕ್ರೇನ್ ಬೇಕು."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮೇಸ್ತ್ರಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ನಾಚಿಕೆಯೇ ಉಳಿಯಿತು.

ಅಧಿಕಾರಿ ಈ ವರ್ಷದ ತರಬೇತಿಯ ಕಾಗದವನ್ನು ಅವನ ಮುಂದೆ ಸರಿಸಿದರು. "ಇದು ಇವತ್ತೇ ಹೋಗಬೇಕು. ಯಾರ ಹೆಸರು ಬರೀತೀರೋ ನಿಮಗೆ ಬಿಟ್ಟದ್ದು."

"ಇವಳದ್ದೇ!" ಮೇಸ್ತ್ರಿ ಪೆನ್ನು ಕಸಿದುಕೊಂಡ. "ಇಂಥಾ ಕೈ ಈ ಕಾರ್ಖಾನೇಲಿ ಇನ್ನೊಂದಿಲ್ಲ, ಬೇಕಾದ್ರೆ ಬರೆದುಕೊಡ್ತೀನಿ."

ಪೆನ್ನು ಕಾಗದಕ್ಕೆ ತಾಗಿ ನಿಂತಿತು. ಆ ನಾಲ್ವರ ಹೆಸರು, ಅವರ ಅಪ್ಪಂದಿರ ಹೆಸರು ಸಮೇತ ಅವನಿಗೆ ಬಾಯಿಪಾಠ. ಆರು ವರ್ಷ ಮಗಳೇ ಎಂದು ಕರೆದವಳ ಹೆಸರೇನು? ಅವನು ತಲೆ ಎತ್ತಲಿಲ್ಲ. ಅವಳು ಹೇಳಿಕೊಡಲೂ ಇಲ್ಲ.