ಕಂಪೌಂಡರ್ ತುಂಬಿಟ್ಟ ಗಾಳಿ

ಬೀದಿಯವರೆಲ್ಲ ಅವನನ್ನು ಗಾಳಿ ಡಾಕ್ಟ್ರು ಎನ್ನುತ್ತಿದ್ದರು. ಹಳೆಯ ಕಾಲದ ಗಾಳಿಕೋವಿಗಳನ್ನು, ಅದರಲ್ಲೂ ನಳಿಗೆಯ ಕೆಳಗಿನ ಮರದ ಹಿಡಿಯನ್ನು ಎಳೆದು ಮುಚ್ಚಿ ಪಂಪು ಹೊಡೆಯುವ ಜಾತಿಯವನ್ನು ರಿಪೇರಿ ಮಾಡುವುದು ಅವನ ಕಸುಬು. ಇದೂ ಒಂದು ಕಸುಬೇ ಎಂದು ಮೂಗು ಮುರಿಯುವವರು ಮುರಿಯಲಿ ಬಿಡಿ. ಅಜ್ಜನ ಕಾಲದಿಂದ ಅಟ್ಟದಲ್ಲಿ ಬಿದ್ದಿದ್ದ ಕೋವಿಯೊಂದು ಮತ್ತೆ ಉಸಿರು ಹಿಡಿದುಕೊಂಡಾಗ ಆ ಮನೆಯವರ ಮುಖ ನೋಡಬೇಕು, ಆಗ ಗೊತ್ತಾಗುತ್ತದೆ.

ಅಂಗಡಿ ಎಂದರೆ ಒಂದೇ ಕೋಣೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಗಾಳಿ ಸೋರದಂತೆ ಒಳಗೆ ಕೂರಿಸುವ, ಎಣ್ಣೆಯಲ್ಲಿ ನೆನೆಹಾಕಿದ ಚರ್ಮದ ವಾಷರುಗಳ ಬಟ್ಟಲು, ಮೂಲೆಯಲ್ಲಿ ಹಳೇ ಬಟ್ಟೆ ತುರುಕಿದ ಮರದ ಪೆಟ್ಟಿಗೆ. ಆ ಕೋಣೆಯೊಳಗೆ ಎರಡು ಕಾಯಿದೆಗಳಿದ್ದವು. ಯಾರದೇ ಕೋವಿ ಬರಲಿ, ಮೊದಲು ಅದರ ಮೂತಿಯನ್ನು ಪೆಟ್ಟಿಗೆಯ ಬಟ್ಟೆಗೆ ಒತ್ತಿ, ಟ್ರಿಗರ್ ಎಳೆದು, ಒಳಗೆ ಉಳಿದ ಗಾಳಿ ಬಿಡಿಸಬೇಕು, ಮಾತುಕತೆ ಆಮೇಲೆ. ಗಾಳಿ ತುಂಬಿದ ಕೋವಿಯನ್ನು ಬಿಚ್ಚಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಇನ್ನೊಂದು, ಕೆಲಸ ಮುಗಿದ ಕೋವಿಯನ್ನು ಖಾಲಿ ಹೊಟ್ಟೆಯಲ್ಲಿ ಮಲಗಿಸಬಾರದು. ಒಂದು ಪಂಪು ಹೊಡೆದೇ ಗೋಡೆಗೆ ತೂಗುಹಾಕಬೇಕು. ಒಳಗೆ ಗಾಳಿ ಇದ್ದರೆ ವಾಲ್ವು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ, ಧೂಳು ನುಗ್ಗುವುದಿಲ್ಲ. ಇವೆರಡನ್ನೂ ಅವನು ತನ್ನ ಅಳಿಯನಿಗೆ, ಅಂದರೆ ಅಕ್ಕನ ಮಗನಿಗೆ, ತಲೆಗೆ ಮೊಟಕಿ ಮೊಟಕಿ ಕಲಿಸಿದ್ದ.

ಮಾವ ಡಾಕ್ಟ್ರಾದರೆ ಅಳಿಯ ಕಂಪೌಂಡರ್. ಆ ಹೆಸರಿಟ್ಟವರೂ ಬೀದಿಯವರೇ. ಮೀಸೆ ಹೊತ್ತ ಗಂಡಸು, ಮಾವನಿಗಿಂತ ಗೇಣು ಎತ್ತರ, ದಿನಾ ಬಾಗಿಲಿಗೆ ತಲೆ ಚಚ್ಚಿಕೊಂಡೇ ಒಳಗೆ ಬರುತ್ತಿದ್ದ. "ಬಾಗಿಲು ಎತ್ತರ ಮಾಡ್ಸು ಮಾವ" ಎಂದು ಅವನು, "ನೀನು ತಲೆ ತಗ್ಗಿಸೋದು ಕಲಿ" ಎಂದು ಇವನು. ವಾಷರ್ ಕತ್ತರಿಸುವುದರಲ್ಲಿ ಅವನು ಮಾವನನ್ನೇ ಮೀರಿಸಿದ್ದ. ಮಾವ ಅದನ್ನು ಬಾಯಿಬಿಟ್ಟು ಒಪ್ಪಿರಲಿಲ್ಲ. "ಏನೋ, ಪರವಾಗಿಲ್ಲ" ಎನ್ನುತ್ತಿದ್ದ, ಅಷ್ಟೇ. ಹೋದ ವರ್ಷ ಜ್ವರ ಎಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಅದನ್ನು ಹೆಚ್ಚು ಎಳೆಯುವುದು ಬೇಡ, ಎಳೆದರೆ ಹೇಳುವವರಿಗೂ ಕಷ್ಟ.

ಒಂದು ಬೆಳಿಗ್ಗೆ ಭಾವ ಬಂದ. ಅಕ್ಕನ ಗಂಡ, ಒಳ್ಳೆಯ ಮನುಷ್ಯ. ಆದರೆ ಒಂದು ಮಾತು ಹೊರಡಬೇಕಾದರೆ ಮೊದಲು ಕನ್ನಡಕ ತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಏರಿಸಿಕೊಂಡು, ಆಮೇಲೆ ಬಾಯಿ ತೆರೆಯಬೇಕು. ಟವೆಲಿನಲ್ಲಿ ಸುತ್ತಿದ ಕೋವಿಯನ್ನು ಮೇಜಿನ ಮೇಲಿಟ್ಟು ಕನ್ನಡಕಕ್ಕೆ ಕೈ ಹಾಕಿದ. ಕಂಪೌಂಡರನ ಸ್ವಂತ ಕೋವಿ. ಮರದ ಹಿಡಿ ಉದ್ದಕ್ಕೂ ಸೀಳಿತ್ತು. ಅದನ್ನು ಕಂಡೊಡನೆ ಗಾಳಿ ಡಾಕ್ಟ್ರ ಕಣ್ಣು ಮಂಜಾಯಿತು. ಕೈ ಮಾತ್ರ ತನ್ನ ಪಾಡಿಗೆ ತಾನು ಕೋವಿ ಎತ್ತಿತು, ಮೂತಿಯನ್ನು ಪೆಟ್ಟಿಗೆಗೆ ಒತ್ತಿತು, ಟ್ರಿಗರ್ ಎಳೆಯಿತು.

ಫಟ್!

"ಅಬ್ಬಾ, ಏನು ಗಟ್ಟಿ!" ಎಂದ. ವರ್ಷದ ಮೇಲಾದರೂ ಒಂದು ಚೂರೂ ಸೋರಿಲ್ಲ. ಆ ಹುಡುಗ ಕತ್ತರಿಸಿದ ವಾಷರ್ ಅದು. ಹೆಮ್ಮೆಯಿಂದ ಅವನ ಎದೆ ಉಬ್ಬಿತು.

ಭಾವ ಕನ್ನಡಕ ಏರಿಸಿಕೊಂಡ. "ಮೊಳೆ ಕಿತ್ತು ಗೋಡೆಯಿಂದ ಬಿತ್ತು. ಹಿಡಿ ಒಂದು ಅಂಟಿಸಿಕೊಡ್ಬೇಕಂತೆ. ಬೇರೆ ಏನೂ ಮುಟ್ಟೋ ಹಾಗಿಲ್ಲ ಅಂತ ನಿಮ್ಮಕ್ಕ ಹತ್ತು ಸಲ ಹೇಳಿ ಕಳಿಸಿದ್ದಾಳೆ. ಆಸ್ಪತ್ರೆಗೆ ಹೊರಡೋ ಮುಂಚೆ ಅವನು ಒಳಗೆ ಗಾಳಿ ತುಂಬಿಟ್ಟಿದ್ದನಂತಲ್ಲ, ಅದು ಹಾಗೇ ಇರ್ಬೇಕಂತೆ. ನಂಗೇನಪ್ಪ ಗೊತ್ತು ಇದೆಲ್ಲ."

ಉಬ್ಬಿದ ಎದೆ ಧಸಕ್ಕೆಂದಿತು. ಆಗ ತಾನೇ ಕೇಳಿದ ಸದ್ದು ಏನೆಂದು ಭಾವನಿಗೆ ಗೊತ್ತಾಗಿರಲಿಲ್ಲ. ರಿಪೇರಿ ಅಂಗಡಿ ಎಂದ ಮೇಲೆ ಸದ್ದು ಇದ್ದದ್ದೇ ಎಂದುಕೊಂಡಿರಬೇಕು. ಪಾಪ, ಟವೆಲ್ ಮಡಚಿ ಕಂಕುಳಲ್ಲಿಟ್ಟುಕೊಂಡು ಇವನ ಮುಖ ನೋಡುತ್ತಾ ನಿಂತಿದ್ದ.

"ಆಯ್ತು ಭಾವ, ಹಿಡಿ ಒಂದೇ ನೋಡ್ತೀನಿ" ಎಂದು ಇವನು ಹೇಳಿಬಿಟ್ಟ.

ಭಾವ ಹೋದ ಮೇಲೆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಚಿಂದಿ ಬಟ್ಟೆಗಳನ್ನು ಸುಮ್ಮನೆ ಮುಟ್ಟಿ ಮುಟ್ಟಿ ನೋಡಿದ. ಏನಿರುತ್ತದೆ ಅಲ್ಲಿ? ಬಿಟ್ಟ ಗಾಳಿ ಕೋಣೆಯ ಗಾಳಿಯೊಳಗೆ ಸೇರಿಹೋಗಿತ್ತು, ಕಿಟಕಿ ಬೇರೆ ತೆರೆದಿತ್ತು. ಇವನು ಎದ್ದು ಕಿಟಕಿ ಮುಚ್ಚಿದ. ಮುಚ್ಚಿದ ಮೇಲೆ ತನ್ನ ಬುದ್ಧಿಗೆ ತಾನೇ ಛೀಮಾರಿ ಹಾಕಿಕೊಂಡು ಅತ್ತ.

ಹಿಡಿಯನ್ನು ಮಾತ್ರ ಜೀವ ತೇಯ್ದು ಸರಿ ಮಾಡಿದ. ಸೀಳಿನೊಳಗೆ ಅಂಟು ಇಳಿಸಿ, ದಾರ ಸುತ್ತಿ ಬಿಗಿದು, ಒಣಗಿದ ಮೇಲೆ ಉಜ್ಜಿ, ಎಣ್ಣೆ ತಿಕ್ಕಿದ. ಸೀಳು ಎಲ್ಲಿತ್ತೆಂದು ಬೆರಳಿಗೂ ತಿಳಿಯುತ್ತಿರಲಿಲ್ಲ. ಅಕ್ಕನಿಗೆ ಹೋಗಿ ಹೇಳಿಬಿಡೋಣ ಎಂದು ಚಪ್ಪಲಿ ಮೆಟ್ಟಿ ಹೊರಟು, ಬೀದಿಯ ತಿರುವಿನಿಂದ ಹಿಂದಕ್ಕೆ ಬಂದ. ಗಾಳಿ ಗಾಳಿಯೇ ತಾನೆ, ಅದಕ್ಕೇನು ಮುಖ ಇದೆಯೇ, ಮೂಗು ಇದೆಯೇ? ಹೀಗೆ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು, ಕಾಯಿದೆಯಂತೆ ಒಂದು ಪಂಪು ಹೊಡೆದು ಕೋವಿಯನ್ನು ಗೋಡೆಗೆ ಹಾಕಿದ.

ಕೋವಿ ಒಯ್ಯಲು ಭಾವ ಬರುತ್ತಾನೆ ಎಂದುಕೊಂಡಿದ್ದರೆ ಅಕ್ಕನೇ ಬಂದಳು. ಮಗ ಹೋದ ಮೇಲೆ ಈ ಅಂಗಡಿಯ ಮೆಟ್ಟಿಲು ಹತ್ತಿದ್ದು ಅವಳು ಅದೇ ಮೊದಲು. ಬಾಗಿಲಲ್ಲಿ ನಿಂತು, ಮಗ ತಲೆ ಚಚ್ಚಿಕೊಳ್ಳುತ್ತಿದ್ದ ಜಾಗವನ್ನು ಒಮ್ಮೆ ನೋಡಿದಳು.

"ಇಳಿದುಹೋಗಿದ್ದೀಯಲ್ಲೋ, ಊಟ ಮಾಡ್ತೀಯೋ ಇಲ್ವೋ?" ಎಂದಳು. ಆಮೇಲೆ ಒಳಗೆ ಬಂದು ಕೂತು, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿಯನ್ನು ಸವರಿದಳು. "ಒಳಗಿಂದು ಮುಟ್ಟಿಲ್ಲ ತಾನೆ?"

"ಇಲ್ಲಕ್ಕ."

"ಒಳ್ಳೇದಾಯ್ತು. ಬಿದ್ದಾಗ ನಂಗೆ ಜೀವವೇ ಹೋದ ಹಾಗಾಯ್ತು. ಯಾವತ್ತೋ ಒಂದಿನ ನಂಗೆ ಗೊತ್ತಿಲ್ಲದ ಹಾಗೆ ಸೋರಿಹೋಗಿಬಿಟ್ರೆ? ಆಸ್ಪತ್ರೆಯಲ್ಲೂ ಹಾಗೇ ಆಯ್ತು. ನೀರು ತರೋಣ ಅಂತ ಹೋದೆ ನೋಡು, ಬರೋಷ್ಟರಲ್ಲಿ ಹೋಗ್ಬಿಟ್ಟಿದ್ದ. ಹೆತ್ತವಳು ಎದುರಿಗಿರಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದು ಹೋಗೋವಾಗಾದ್ರೂ ನಾನು ಎದುರಿಗಿರ್ಬೇಕು ಕಣೋ. ಇವತ್ತು ನಾನೇ ಬಿಡ್ತೀನಿ. ಹೇಗಂತ ತೋರಿಸು."

ಈಗಲಾದರೂ ಹೇಳಬಹುದಿತ್ತು. ಅದರ ಬದಲು ಇವನು ಕೋವಿಯ ಮೂತಿಯನ್ನು ಪೆಟ್ಟಿಗೆಗೆ ಒತ್ತಿ ಹಿಡಿದು, ಅವಳ ಬೆರಳನ್ನು ಟ್ರಿಗರಿನ ಮೇಲಿಟ್ಟ. ಅವಳು ಕಣ್ಣು ಮುಚ್ಚಿದಳು. "ಹೋಗಿ ಬಾ ಮಗನೇ" ಎಂದು ಎಳೆದಳು.

ಪುಸ್.

ಅವಳು ಕಣ್ಣು ತೆರೆದು ತಮ್ಮನನ್ನೇ ನೋಡಿದಳು. "ಇದು ಒಂದೇ ಪಂಪು."

"ಒಂದೇ ಅಲ್ವಾ ಅಕ್ಕ, ಕಾಯಿದೆ..."

"ನಿನ್ನ ಕಾಯಿದೆ ಒಂದು. ಅವನು ಎರಡು ಹೊಡೀತಿದ್ದ. ಮಾವನ ಲೆಕ್ಕಕ್ಕೆ ಒಂದು, ಅಮ್ಮನ ಲೆಕ್ಕಕ್ಕೆ ಒಂದು ಅಂತ ಆಸ್ಪತ್ರೆಗೆ ಹೊರಟ ದಿನಾನೂ ನನ್ನ ಮುಂದೇನೇ ನಗ್ತಾ ಹೊಡೆದಿಟ್ಟ. ಅದಕ್ಕೂ ಮುಂಚೆ ಎಷ್ಟೋ ಸಲ ಹಾಗೇ ಹೊಡೆದು, ಬಿಟ್ಟೂ ತೋರಿಸಿದ್ದ. ಆ ಸದ್ದು ನಂಗೊತ್ತಿಲ್ವಾ?"

ಭಾವ ಬಂದ ದಿನ ಕೇಳಿದ್ದ ಆ ಗಟ್ಟಿ ಸದ್ದು ಇವನ ಕಿವಿಗೆ ಮತ್ತೆ ಬಡಿಯಿತು. ಚಿಕ್ಕಂದಿನಲ್ಲಿ ಇವನ ಸುಳ್ಳುಗಳನ್ನು ಕಿವಿ ಹಿಂಡಿ ಹೊರಗೆಳೆಯುತ್ತಿದ್ದ ಅಕ್ಕ ಇವತ್ತು ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಇವನೇ ಅವಳ ಕಾಲ ಬಳಿ ಕೂತು ಎಲ್ಲ ಹೇಳಿದ. ಭಾವ ಕನ್ನಡಕ ಒರೆಸುತ್ತಿದ್ದದ್ದು, ಕೈ ತಾನಾಗಿ ಎದ್ದದ್ದು, ಕಿಟಕಿ ಮುಚ್ಚಿದ್ದು. "ಕೈ ಕಡಿದು ಹಾಕ್ಬೇಕು ಅನ್ಸುತ್ತಕ್ಕ" ಎಂದ.

ಅಕ್ಕ ಪೆಟ್ಟಿಗೆಯತ್ತ ತಿರುಗಿದಳು. ಬಗ್ಗಿ ಒಂದು ಚಿಂದಿಯನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟಳು.

"ಹೋಗ್ಲಿ" ಎಂದಳು. "ನೀನಾದ್ರೂ ಎದುರಿಗಿದ್ದೆಯಲ್ಲ. ಹೇಗಿತ್ತು?"

"ಏನಕ್ಕ?"

"ಸದ್ದು ಕಣೋ. ಹೋಗೋವಾಗ ಹೇಗಿತ್ತು?"

"ಗಟ್ಟಿಯಾಗಿತ್ತಕ್ಕ" ಎಂದ, ಬಿಕ್ಕುತ್ತಾ. "ಒಂದು ಚೂರೂ ಸೋರಿರಲಿಲ್ಲ. ನನ್ನ ಕೈಲೂ ಅಂಥ ವಾಷರ್ ಆಗಲ್ಲ. ಅವನಿಗೆ ಒಂದಿನಾನೂ ಹೇಳಲಿಲ್ಲ ನಾನು."

ಅವಳು ತಲೆಯಾಡಿಸಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಏಳುತ್ತಾ ಕೋವಿಗಾಗಿ ಕೈ ಚಾಚಿದಳು. ಗಾಳಿ ಡಾಕ್ಟ್ರ ಕೈ ಅಭ್ಯಾಸಬಲದಿಂದ ಮರದ ಹಿಡಿಯನ್ನು ಅರ್ಧ ಎಳೆದಿತ್ತು. ಅಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು.

"ಬೇಡ. ಖಾಲಿನೇ ಕೊಡು."

"ವಾಲ್ವಿಗೆ ಧೂಳು ಹೋಗುತ್ತಕ್ಕ, ವಾಷರ್ ಒಣಗುತ್ತೆ."

"ಒಣಗಲಿ. ಮನೆಯೂ ಹಾಗೇ ಇದೆ."

ಇವನು ಹಿಡಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ ಮುಚ್ಚಿದ. ಅಷ್ಟೇ ಗಾಳಿ ಒಳಗೆ ಹೋಯಿತೇನೋ ಎಂಬ ಅನುಮಾನ ಬಂದು, ಮೂತಿಯನ್ನು ಪೆಟ್ಟಿಗೆಗೆ ಒತ್ತಿ ಟ್ರಿಗರ್ ಎಳೆದು ನೋಡಿದ. ಟಿಕ್ ಎಂದಿತು, ಏನೂ ಬರಲಿಲ್ಲ. ಅಕ್ಕ ತಂದಿದ್ದ ಟವೆಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ. ಅವನ ಅಂಗಡಿಯಿಂದ ಖಾಲಿ ಹೊಟ್ಟೆಯಲ್ಲಿ ಹೊರಗೆ ಹೋದ ಕೋವಿ ಅದೊಂದೇ.