ಆಚೆ ದಂಡೆಯ ಗುಂಡಿ

ಹಾಡಹಗಲಿನಲ್ಲಿ ಹೊಳೆಗೆ ಹೆದರುವುದೇನು ಎಂದು ಕೇಳುವವರು ರಂಗಂಪೇಟೆಯ ಹೋಟೆಲಿನ ನೆರಳಲ್ಲಿ ಕೂತು ಚಹಾ ಕುಡಿಯುವವರು. ಅವರು ಬೇಸಿಗೆಯ ಮಟಮಟ ಮಧ್ಯಾಹ್ನ ಒಮ್ಮೆ ಕೃಷ್ಣೆಯ ದಂಡೆಗೆ ಬಂದು ನಿಂತು ನೋಡಲಿ. ಆ ಹೊತ್ತಿನಲ್ಲಿ ನಾಯಿ ಬೊಗಳುವುದಿಲ್ಲ, ನೀರು ಕೂಡ ಸಪ್ಪಳ ಮಾಡುವುದಿಲ್ಲ. ಗುರಣ್ಣನ ಗುಡಿಸಲಿನ ಹಾರ್ನ್ ತಾನಾಗಿ ಹೊಡೆದುಕೊಂಡದ್ದು ಅಂಥ ಹೊತ್ತಿನಲ್ಲಿಯೇ.

ಗುರಣ್ಣ ಅಂಬಿಗ, ತೆಪ್ಪದಲ್ಲಿ ಜನರನ್ನು ದಾಟಿಸುವವನು. ಕೊಡೇಕಲ್ಲಿಗೆ ಹೋಗುವ ಭಕ್ತರು, ಸುರಪುರದ ಸಂತೆಗೆ ಬರುವವರು ಆಚೆ ದಂಡೆಯಲ್ಲಿ ನಿಂತು ಕೂಗಿದರೆ ಇವನು ಈಚೆಯಿಂದ ಓ ಎನ್ನಬೇಕು, ತೆಪ್ಪ ಬಿಡಬೇಕು. ಅದಕ್ಕೂ ಅವನ ಮನೆತನದಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾರೇ ಕೂಗಲಿ, ಮೂರನೆಯ ಕೂಗಿಗೇ ಓ ಎನ್ನಬೇಕು. ಬದುಕಿದ್ದವರು ಗಂಟಲು ಹರಿಯುವ ತನಕ ಕೂಗುತ್ತಾರೆ. ಹೊಳೆಯ ಪಾಲಾದವರಿಗೆ ಎರಡು ಸಲದ ಮೇಲೆ ದನಿ ಏಳುವುದಿಲ್ಲ. ಗುರಣ್ಣನ ಅಪ್ಪ ಸಂಗಣ್ಣ ಹುಡುಗುಬುದ್ಧಿಯವನು, ಇದಕ್ಕೆಲ್ಲ ನಕ್ಕು, ಒಂದೇ ಕೂಗಿಗೆ ತೆಪ್ಪ ಬಿಟ್ಟ. ತೆಪ್ಪವೊಂದೇ ತಿರುಗಿ ಬಂತು. ಹೆಣ ಕೂಡ ಸಿಗಲಿಲ್ಲ. ಗುರಣ್ಣ ಆಗ ತೊಟ್ಟಿಲ ಕೂಸು. ಈ ಮನೆಯಿಂದ ಹೊಳೆ ಇನ್ನೊಬ್ಬರನ್ನು ಒಯ್ಯಕೂಡದು ಎಂದು ಹಟ ಹಿಡಿದ ಸಂಗಣ್ಣನ ಹೆಂಡತಿ ಸಾಯಬಮ್ಮ, ಮಗನಿಗೆ ಅನ್ನ ಉಣ್ಣಿಸುವುದಕ್ಕಿಂತ ಮೊದಲು ಮೂರು ಎಣಿಸುವುದನ್ನು ಕಲಿಸಿದಳು.

ಆದರೆ ವಯಸ್ಸಾಗುತ್ತ ಗುರಣ್ಣನ ಕಿವಿ ಮಂದವಾದವು. ಆಚೆ ದಂಡೆಯ ಕೂಗು ಕೇಳದ ಅಂಬಿಗನನ್ನು ಯಾರು ಕಾಯುತ್ತಾರೆ? ಫೋನು ಮಾಡೋಣವೆಂದರೆ ಆ ತಗ್ಗಿನಲ್ಲಿ ನೆಟ್‌ವರ್ಕ್ ಇಲ್ಲ. ಕೊನೆಗೆ ಶಹಾಪುರದಲ್ಲಿ ಪ್ರೋಗ್ರಾಮ್ ಬರೆಯುವ ಶಾಂತಕುಮಾರ ಒಂದು ವ್ಯವಸ್ಥೆ ಮಾಡಿಕೊಟ್ಟ. ಆಚೆ ದಂಡೆಯ ಕಂಬಕ್ಕೊಂದು ಒತ್ತುವ ಗುಂಡಿ, ಈಚೆ ಗುಡಿಸಲಲ್ಲಿ ಹಳೇ ಲಾರಿಯ ಹಾರ್ನ್, ಗುಂಡಿಯ ಸುದ್ದಿಯನ್ನು ತಂತಿಯಿಲ್ಲದೆ ಹಿಡಿದು ಹಾರ್ನಿಗೆ ಮುಟ್ಟಿಸಲು ಅಂಗೈಯಗಲದ ಕಂಪ್ಯೂಟರ್ ಬೋರ್ಡ್. ಲಾರಿಯ ಹಾರ್ನಾದರೆ ಗುರಣ್ಣನಿಗೂ ಕೇಳುತ್ತಿತ್ತು.

ಈ ಬೇಸಿಗೆಯಲ್ಲಿ ಆ ಬೋರ್ಡ್ ಸುಟ್ಟುಹೋಯಿತು. ಗುರಣ್ಣನ ಮಗಳು ಮೌನೇಶ್ವರಿ ಶಾಂತಕುಮಾರನ ಕೈಕೆಳಗೇ ಕೆಲಸ ಕಲಿತವಳು. ರಜೆ ಹಾಕಿ, ಹೊಸ ಬೋರ್ಡ್ ಹಿಡಿದುಕೊಂಡು ಮನೆಗೆ ಬಂದಳು. ತೊಡಕು ಏನೆಂದರೆ, ಹಳೆಯ ಪ್ರೋಗ್ರಾಮ್ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯ ಒಂದು ಬಗೆಯಲ್ಲಿತ್ತು, ಹೊಸ ಬೋರ್ಡಿಗೆ ಅದೇ ಲಿಸ್ಪಿನ ಇನ್ನೊಂದು ಬಗೆ ಮಾತ್ರ ತಿಳಿಯುತ್ತಿತ್ತು. ಸುರಪುರದ ಮಾತನ್ನು ಗುರುಮಠಕಲ್ಲಿನವರ ಬಾಯಿಗೆ ಕೊಟ್ಟ ಹಾಗೆ. ಪದ ಅವೇ, ಆದರೆ ಎಲ್ಲೋ ಒಂದು ಕಡೆ ತೆಲುಗಿನ ಗಾಳಿ ಬೀಸುತ್ತದೆ.

ಶಾಂತಕುಮಾರ ಬರೆದಿದ್ದದ್ದು ರಿಯಾಕ್ಟಿವ್ ಲೈಬ್ರರಿ ಎನ್ನುವಂಥದ್ದು. ಖಾನೆಗಳ ಸಾಲು ಎಂದುಕೊಳ್ಳಿ. ಒಂದು ಖಾನೆ ಬದಲಾದರೆ ಅದನ್ನೇ ನೋಡುತ್ತ ಕೂತ ಖಾನೆಯೂ ತಾನೇ ಬದಲಾಗುತ್ತದೆ, ಯಾರೂ ಹೇಳಬೇಕಿಲ್ಲ. ಗುಂಡಿಯ ಖಾನೆ ಬದಲಾದರೆ ಹಾರ್ನಿನ ಖಾನೆ ಎಚ್ಚರಾಗಬೇಕು. ಆದರೆ ಇವೆರಡರ ನಡುವೆ ಶಾಂತಕುಮಾರ ಹೆಸರಿಲ್ಲದ ಇನ್ನೊಂದು ಖಾನೆ ಇಟ್ಟಿದ್ದ. ಅದು ಸುಮ್ಮನೆ ಎಣಿಸುತ್ತಿತ್ತು, ಮೂರಾದ ಮೇಲೆಯೇ ಹಾರ್ನಿಗೆ ಸುದ್ದಿ ಮುಟ್ಟಿಸುತ್ತಿತ್ತು. ಗುಂಡಿಯೊಳಗಿನ ತಗಡು ನಡುಗಿ ಒಂದು ಒತ್ತು ಎರಡು ಮೂರಾಗಿ ಕಾಣುವುದುಂಟು. ಅದಕ್ಕೆ ಹಾಕಿದ ತೇಪೆ ಇದು ಎಂದುಕೊಂಡಳು ಮೌನೇಶ್ವರಿ. ಹೊಸ ಬೋರ್ಡ್ ಆ ನಡುಕವನ್ನು ತಾನೇ ನೋಡಿಕೊಳ್ಳುತ್ತಿತ್ತು. ಹಾಗಾಗಿ ಕಿತ್ತು ಹಾಕಿದಳು. ಮನೆಯ ಕಟ್ಟುನಿಟ್ಟು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅದು ಬಾಯಿಂದ ಕೂಗುವವರ ವಿಷಯ, ಅದಕ್ಕೂ ಕಂಪ್ಯೂಟರಿಗೂ ಏನು ಸಂಬಂಧ? ಒಂದು ಮಾತು ಅಪ್ಪನನ್ನು ಕೇಳಿದ್ದರೆ ಗಂಟೇನು ಹೋಗುತ್ತಿತ್ತೋ, ಕೇಳಲಿಲ್ಲ ಮಹಾರಾಯ್ತಿ.

ಒಂದು ಒತ್ತಿಗೆ ಒಂದು ಹಾರ್ನ್. ದಾಟುವವರು ಖುಷಿಯಾದರು. ಮರುದಿನ ಮಧ್ಯಾಹ್ನ, ದಂಡೆಯಲ್ಲಿ ನರಪಿಳ್ಳೆ ಇಲ್ಲದ ಹೊತ್ತಿನಲ್ಲಿ ಹಾರ್ನ್ ಹೊಡೆಯಿತು. ಗುರಣ್ಣ ರೊಟ್ಟಿಯ ತಾಟು ಸರಿಸಿ ಎದ್ದು ಹೋದ. ಮೌನೇಶ್ವರಿ ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಆಚೆ ದಂಡೆಯ ಕಂಬದ ಹತ್ತಿರ ಯಾರೂ ಇರಲಿಲ್ಲ. ಅಪ್ಪಾ ಎಂದು ಕೂಗಿದರೆ ಅವನಿಗೆಲ್ಲಿ ಕೇಳಬೇಕು? ಆ ಉರಿಬಿಸಿಲಲ್ಲಿ ಅಪ್ಪನನ್ನು ಸುಮ್ಮನೆ ಹುಟ್ಟು ಹಾಕಿಸಿದೆನಲ್ಲ ಎಂದು ನಾಚಿಕೆಯಾಗಿ ಒಳಗೆ ಬಂದು ಲ್ಯಾಪ್‌ಟಾಪ್ ಮುಂದೆ ಕೂತಳು. ಗುರಣ್ಣ ತಿರುಗಿ ಬಂದು ರೊಟ್ಟಿಯ ತಾಟು ಮತ್ತೆ ಎಳೆದುಕೊಂಡ. ದಾಟಿಸಿದವರ ಸುದ್ದಿಯನ್ನು ಅವನು ಯಾವತ್ತೂ ಮನೆಯೊಳಗೆ ತಂದವನಲ್ಲ.

ತಪ್ಪು ಬೇಗನೇ ಸಿಕ್ಕಿತು. ಹಳೆಯ ಬಗೆಯಲ್ಲಿ ಖಾನೆ ಬದಲಾದಾಗ ಮಾತ್ರ ಸುದ್ದಿ ಹೋಗುತ್ತಿತ್ತು. ಹೊಸದರಲ್ಲಿ, ನೋಡಲು ಕೂತ ಕೂಡಲೇ ಒಂದು ಸಲ ಸುದ್ದಿ ಬರುತ್ತದೆ, ಏನೂ ಬದಲಾಗದಿದ್ದರೂ. ಮಧ್ಯಾಹ್ನ ಕರೆಂಟ್ ಕುಸಿದು ಬೋರ್ಡ್ ಮತ್ತೆ ಶುರುವಾದಾಗ ಹಾರ್ನ್ ಹೊಡೆದಿರಬೇಕು. ಸರಿಪಡಿಸಿದಳು, ಹಾಯೆನಿಸಿತು.

ಮರುದಿನ ಅದೇ ಹೊತ್ತಿಗೆ ಮತ್ತೆ ಹೊಡೆಯಿತು. ಈ ಸಲ ಕರೆಂಟ್ ಕುಸಿದಿರಲಿಲ್ಲ, ಬೋರ್ಡ್ ಎಚ್ಚರವಾಗಿಯೇ ಇತ್ತು. ಅವಳಿಗೆ ಸಿಟ್ಟು ಬಂತು. ಅದರ ಮರುದಿನ ಬೆಳಗ್ಗೆ ಅಪ್ಪನ ತೆಪ್ಪದಲ್ಲೇ ಆಚೆ ಹೋಗಿ, ಕಂಬದಿಂದ ಗುಂಡಿಯ ಡಬ್ಬಿಯನ್ನೇ ಬಿಚ್ಚಿ, ಬ್ಯಾಟರಿ ಕಿತ್ತು, ಗುಡಿಸಲಿಗೆ ತಂದಳು. ಮಧ್ಯಾಹ್ನ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಹಾರ್ನ್ ಹೊಡೆಯಿತು. ಪರದೆಯ ಮೇಲೆ ಗುಂಡಿಯ ಖಾನೆ ಬದಲಾಯಿತು. ಗುಂಡಿ ಅವಳ ತೊಡೆಯ ಮೇಲಿತ್ತು, ಆ ಬಿಸಿಲಲ್ಲೂ ಅದು ತಣ್ಣಗಿತ್ತು. ಗುರಣ್ಣ ಆಗಲೇ ತೆಪ್ಪ ನೀರಿಗಿಳಿಸಿದ್ದ.

ಅವಳು ಗುಡಿಸಲ ಹಿಂದಿನ ದಿಬ್ಬ ಹತ್ತಿ, ನೆಟ್‌ವರ್ಕ್ ಹಿಡಿದು ಶಾಂತಕುಮಾರನಿಗೆ ಫೋನು ಮಾಡಿದಳು. ತೇಪೆಯೆಂದುಕೊಂಡು ನಡುವಿನ ಖಾನೆ ತೆಗೆದದ್ದನ್ನು ಹೇಳಿದಳು.

"ಅದು ತೇಪಿ ಅಲ್ಲವ್ವಾ," ಎಂದ ಆತ. "ನಿಮ್ಮಪ್ಪ ನನ್ನ ಬಾಜೂಕ ಕುಂತು ಹಾಕಿಸ್ಯಾರ. ನನಗಿನ್ನ ಎಣಸಾಕ ಕೇಳಸಂಗಿಲ್ಲ, ನನ್ನ ಬದಲಿ ಇದು ಎಣಸಲಿ ಅಂದ್ರು."

ಅಪ್ಪ ಹಾರ್ನನ್ನು ನಂಬಿದ್ದ, ಹಾರ್ನ್ ಅವಳನ್ನು ನಂಬಿತ್ತು. ಎದ್ದು ಬಿದ್ದು ದಂಡೆಗೆ ಓಡಿದಳು. ತೆಪ್ಪ ಬರುತ್ತಿತ್ತು. ಗುರಣ್ಣ ಒಬ್ಬನೇ ಕಾಣುತ್ತಿದ್ದ, ಆದರೆ ತೆಪ್ಪ ಎದುರು ಮಗ್ಗುಲಿಗೆ ಭಾರ ಕೂತಂತೆ ವಾಲಿತ್ತು. ದಂಡೆಗೆ ತಾಗಿದ ಮೇಲೆ ಅವನು ತೆಪ್ಪದ ಅಂಚು ಗಟ್ಟಿಯಾಗಿ ಹಿಡಿದು, ಖಾಲಿ ಜಾಗಕ್ಕೆ ಮೆಲ್ಲಗೆ ಇಳಿಯಪ್ಪ ಎಂದ. ತೆಪ್ಪ ನೆಟ್ಟಗಾಯಿತು.

ಯಾರಿಗೆ ಹೇಳಿದಿ ಎಂದು ಅವಳು ಅವನ ಕಿವಿಗೆ ಬಾಯಿಟ್ಟು ಕೇಳಿದಳು. ದಿನಾ ಬರುವ ಹುಡುಗ ಎಂದ ಗುರಣ್ಣ. ಸಣ್ಣ ವಯಸ್ಸು, ಒದ್ದೆ ಧೋತರ, ಮಾತಿಲ್ಲ, ಇಳಿದವನೇ ನಮ್ಮ ಓಣಿಯ ಕಡೆಗೇ ಹೋಗುತ್ತಾನೆ. ಅವಳು ಅಳುತ್ತ ತನ್ನ ತಪ್ಪು ಹೇಳಿದಳು. ಅದು ಮೂರು ಸಲ ಅಲ್ಲಪ್ಪಾ, ಒಂದೇ ಸಲ.

ಗುರಣ್ಣ ಹುಟ್ಟು ಕೆಳಗಿಟ್ಟು ಉಸುಕಿನ ಮೇಲೆ ಕೂತುಬಿಟ್ಟ.

"ಹಂಗಾದ್ರ ನಾ ದಾಟಿಸಿದ್ದು ಯಾರನ್ನ?"

ಇಬ್ಬರೂ ಓಣಿಗೆ ಬಂದಾಗ ಮನೆಯ ಕಟ್ಟೆಯ ಮೇಲೆ ಸಾಯಬಮ್ಮ ಕೂತಿದ್ದಳು. ಮುಂದೆ ಖಾಲಿ ಚೊಂಬು, ಪಕ್ಕದಲ್ಲಿ ಕಲ್ಲು ಒದ್ದೆ. ಮಗ, ಮೊಮ್ಮಗಳ ಮುಖ ನೋಡಿದೊಡನೆ ಅವಳಿಗೆ ತಿಳಿಯಿತು. ಹೆದರಿಕೆ ಇರಲಿಲ್ಲ ಅವಳ ಮುಖದಲ್ಲಿ, ದುಃಖವಿತ್ತು.

"ನಿಮ್ಮಪ್ಪ ಹ್ವಾದಾಗ ಹೆಂಗಿದ್ದನೋ ಹಂಗ ಅದಾನ. ನೀರು ಕುಡೀತಾನ, ಸಾಯವ್ವ ಎಲ್ಲಿ ಅಂತ ನನಗಽ ಕೇಳ್ತಾನ. ಈ ಮುದುಕಿ ನಾನಽ ಅಂತ ಹೆಂಗ ಹೇಳಲಿ? ಬರ್ತಾಳ ಕುಂದ್ರಪಾ ಅಂತೀನಿ. ತುಸು ಕುಂತು ಹೊಂಟು ಹೋಗ್ತಾನ."

ಮೌನೇಶ್ವರಿ ಅವತ್ತೇ ನಡುವಿನ ಖಾನೆಯನ್ನು ಹೊಸ ಭಾಷೆಯಲ್ಲಿ ಮತ್ತೆ ಬರೆದಳು. ಅಜ್ಜ ಇನ್ನು ಬರದಿದ್ದರೆ ಆಯಿಗೆ ಏನೆನಿಸುತ್ತದೋ ಎನ್ನಿಸಿತು, ಆದರೂ ಬರೆದಳು. ಅಪ್ಪ ಬೇಕಾಗಿತ್ತು ಅವಳಿಗೆ. ಬರೆದದ್ದನ್ನು ಸಾಯಬಮ್ಮನಿಗೆ ಹೇಳಿದಾಗ ಮುದುಕಿ ಬೇಡವೆನ್ನಲಿಲ್ಲ. ಚಲೋ ಮಾಡಿದಿ ಎಂದು ಅವಳ ತಲೆ ಸವರಿದಳು.

ಮರುದಿನ ಮಧ್ಯಾಹ್ನ ಡಬ್ಬಿ ಬ್ಯಾಟರಿಯಿಲ್ಲದೆ ಮೂಲೆಯಲ್ಲಿ ಬಿದ್ದಿತ್ತು. ಪರದೆಯ ಮೇಲೆ ನಡುವಿನ ಖಾನೆ ಒಂದು ಎಣಿಸಿತು. ಹಾರ್ನ್ ಸುಮ್ಮನಿತ್ತು. ಗುರಣ್ಣ ರೊಟ್ಟಿ ಮುರಿಯುತ್ತಿದ್ದ. ಬಹಳ ಹೊತ್ತಿನ ಮೇಲೆ ಖಾನೆ ಎರಡಾಯಿತು, ಅಲ್ಲಿಗೇ ನಿಂತಿತು. ಮೌನೇಶ್ವರಿ ಉಸಿರು ಬಿಟ್ಟಳು. ಇನ್ನು ಅಪ್ಪ ಏಳುವುದಿಲ್ಲ, ಬದುಕಿದೆವು ಎನಿಸಿತು.

ಆಗ ಹೊರಗೆ ಆಯಿಯ ದನಿ ಕೇಳಿಸಿತು. ಓಣಿ ಬಿಟ್ಟು ಎಷ್ಟೋ ವರ್ಷದಿಂದ ಹೊಳೆಗೆ ಬಾರದ ಸಾಯಬಮ್ಮ ತುಂಬಿದ ಚೊಂಬು ಹಿಡಿದು ನೀರಿನ ಅಂಚಿಗೆ ನಿಂತಿದ್ದಳು. ಮೊಳಕಾಲ ತನಕ ಸೀರೆ ಒದ್ದೆಯಾಗಿತ್ತು. ಆಚೆ ದಂಡೆಗೆ ಮುಖ ಮಾಡಿ, ಸೊಸೆಯಾಗಿ ಬಂದ ಹೊಸತರಲ್ಲಿ ಕೂಗಿರಬಹುದಾದ ದನಿಯಲ್ಲಿ ಕೂಗಿದಳು.

"ಓ... ನಾನಽ ಸಾಯವ್ವ. ಈಗ ಬಂದೆ ನೋಡು!"

ಪರದೆಯ ಮೇಲೆ ಖಾನೆ ಮೂರಾಯಿತು.

ಹಾರ್ನ್ ಹೊಡೆಯಿತು, ನಿಲ್ಲದೆ ಹೊಡೆಯಿತು. ಮೌನೇಶ್ವರಿ ವೈರು ಕಿತ್ತು ಹೊರಗೆ ಓಡಿಬರುವಷ್ಟರಲ್ಲಿ ಸಾಯಬಮ್ಮ ತೆಪ್ಪದ ನಡುವೆ ಕೂತಾಗಿತ್ತು, ಗುರಣ್ಣ ಹುಟ್ಟು ಹಾಕುತ್ತಿದ್ದ. ಮೂರಾದ ಮೇಲೆ ಹೋಗಲೇಬೇಕೆಂದು ಅವನಿಗೆ ಕಲಿಸಿದವಳು ಅವಳೇ. ಅವಳೇ ಎದುರು ಕೂತಿರುವಾಗ ಅವನು ಇನ್ನು ಯಾರ ಮಾತು ಕೇಳಬೇಕು? ಮೌನೇಶ್ವರಿ ನೀರಿಗಿಳಿದು ಕೂಗಿದಳು. ತೆಪ್ಪ ಸಣ್ಣದಾಗುತ್ತ ಹೋಯಿತು. ಆಚೆ ದಂಡೆಗೆ ತಾಗಿ ತುಸು ಹೊತ್ತು ನಿಂತಿತು. ಆಮೇಲೆ ತಿರುಗಿತು.

ಬರುವಾಗ ಅದು ಯಾವ ಮಗ್ಗುಲಿಗೂ ವಾಲಿರಲಿಲ್ಲ. ಗುರಣ್ಣ ಸಪ್ಪಳವಾಗದ ಹಾಗೆ ಹುಟ್ಟು ಹಾಕುತ್ತ ಬಂದ. ಸಾಯಬಮ್ಮ ಮಗನ ಮೊಳಕಾಲಿಗೆ ಒರಗಿ ಕಣ್ಣು ಮುಚ್ಚಿದ್ದಳು, ಮಡಿಲಲ್ಲಿ ಚೊಂಬು ಖಾಲಿಯಾಗಿತ್ತು. ಮಗಳು ಓಡಿ ಬಂದು ಬಾಯಿ ತೆರೆದಾಗ ಅವನು ತುಟಿಯ ಮೇಲೆ ಬೆರಳಿಟ್ಟ.

"ಸುಮ್ಕಿರು ಮೌನಿ. ಅವ್ವ ನಿದ್ದಿ ಹೋಗ್ಯಾಳ."